ಸುರಿಯುವ ಮುನ್ನ

ಬಣ್ಣದ ಲೋಟವನ್ನು ಕ್ಯಾನ್ವಾಸಿನ ಮೇಲೆ ಬೋರಲು ಹಾಕಿ ಎತ್ತಿದರೆ ಚಿತ್ರವಾಯಿತು ಎಂದುಕೊಂಡು ಬರುವವರೇ ಹೆಚ್ಚು. ಮೊಬೈಲಿನಲ್ಲಿ ಕಾಣುವುದೂ ಅಷ್ಟೇ. ಒಂದು ನಿಮಿಷದಲ್ಲಿ ನೀಲಿ, ಬಿಳಿ, ಬಂಗಾರದ ಬಣ್ಣಗಳು ಹರಡಿಕೊಂಡು ನಡುನಡುವೆ ಕಣ್ಣು ಬಿಡುತ್ತವೆ. ಆ ನಿಮಿಷಕ್ಕೆ ಮುಂಚೆ ಏನೇನು ನಡೆದಿತ್ತು ಎಂಬುದನ್ನು ಯಾರೂ ತೋರಿಸುವುದಿಲ್ಲ. ಪುಣೆಯ ಕೋಥ್ರೂಡಿನಲ್ಲಿ ಆಕ್ರಿಲಿಕ್ ಮತ್ತು ಎಪಾಕ್ಸಿ ರೆಸಿನ್ ಸುರಿದು ಅಮೂರ್ತ ಚಿತ್ರ ಮಾಡುತ್ತ, ವಾರಾಂತ್ಯದಲ್ಲಿ ಕಲಿಸುತ್ತ ನನಗೆ ಗಟ್ಟಿಯಾದ ಮಾತು ಒಂದೇ: ಈ ಕಲೆಯಲ್ಲಿ ಕೈಯ ಕೆಲಸವೆಲ್ಲ ಸುರಿಯುವ ಮೊದಲೇ ಮುಗಿದಿರಬೇಕು. ತೂಕ, ಹದ, ಮಟ್ಟ, ಹವೆ ಇವು ನಾಲ್ಕೂ ಸರಿಯಿದ್ದರೆ ಬಣ್ಣ ತನ್ನ ಕೆಲಸ ತಾನು ಮಾಡುತ್ತದೆ. ವಿಜಯಪುರ, ಕಲಬುರಗಿ, ಸೊಲ್ಲಾಪುರ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತ ಕನ್ನಡದವರು ತರಗತಿಗೆ ಬಂದಾಗ ನಾನು ಬಿಡಿಸಿ ಹೇಳುವ ಸಂಗತಿಗಳನ್ನೇ ಇಲ್ಲಿ ಬರೆದಿದ್ದೇನೆ.

1. ಬಣ್ಣಕ್ಕೂ ತೂಕವಿದೆ

ಸುರಿದ ಚಿತ್ರದಲ್ಲಿ ಎಲ್ಲರೂ ಹುಡುಕುವುದು ದುಂಡಗಿನ ಕಣ್ಣುಗಳನ್ನು. ಅವನ್ನು ನಾವು ಸೆಲ್ ಎನ್ನುತ್ತೇವೆ. ಸಿಲಿಕೋನ್ ಎಣ್ಣೆಯ ಹನಿ ಹಾಕಿದರೆ ಮಾತ್ರ ಅವು ಬರುತ್ತವೆ ಎಂಬ ಮಾತು ಬಹಳ ಹಬ್ಬಿದೆ. ಎಣ್ಣೆಯಿಲ್ಲದೆಯೂ ಬರುತ್ತವೆ, ಬರೀ ಭಾರದಿಂದ. ಬಿಳಿ ಬಣ್ಣದ ಟೈಟಾನಿಯಂ ಡೈಆಕ್ಸೈಡಿನ ಸಾಂದ್ರತೆ ನೀರಿನ ನಾಲ್ಕು ಪಟ್ಟಿಗೂ ಹೆಚ್ಚು, ಸುಮಾರು 4.2. ಥಾಲೋ ನೀಲಿಯದು 1.6ರ ಆಸುಪಾಸು. ಕಾವಿ, ಕೆಮ್ಮಣ್ಣಿನ ಕಬ್ಬಿಣದ ವರ್ಣಗಳು ಬಿಳಿಗಿಂತಲೂ ಭಾರ. ಭಾರದ ಬಣ್ಣ ಹಗುರ ಬಣ್ಣದ ಮೇಲೆ ಕೂತಾಗ ಕೆಳಗಿಳಿಯಲು ಹೊರಡುತ್ತದೆ, ಕೆಳಗಿನದು ಸಂದಿ ಹುಡುಕಿ ಮೇಲೇರುತ್ತದೆ. ಎರಡೂ ಒಂದನ್ನೊಂದು ದಾಟುವ ಜಾಗದಲ್ಲಿ ಕಣ್ಣು ತೆರೆಯುತ್ತದೆ. ನೀಲಿಯ ಮೇಲೆ ಬಿಳಿ ಸುರಿದು ಬಗ್ಗಿ ನೋಡಿ. ಮೊದಲ ಕೆಲವು ಕ್ಷಣ ಏನೂ ಆಗುವುದಿಲ್ಲ. ಆಮೇಲೆ ಬಿಳಿಯಲ್ಲಿ ಸೂಜಿಮೊನೆಯಷ್ಟು ನೀಲಿ ಚುಕ್ಕೆಗಳು ಏಳುತ್ತವೆ, ಅಗಲವಾಗುತ್ತ ಹೋಗಿ ಪಕ್ಕದ ಚುಕ್ಕೆಗೆ ತಾಗುತ್ತವೆ, ಕೊನೆಗೆ ನಡುವೆ ಉಳಿಯುವುದು ಬಿಳಿಯ ತೆಳು ಗೆರೆ ಮಾತ್ರ. ಎಷ್ಟು ಸಲ ನೋಡಿದರೂ ನಾನು ಉಸಿರು ಬಿಗಿಹಿಡಿದೇ ನೋಡುತ್ತೇನೆ.

ಮೆಕ್ಸಿಕೋದ ಭಿತ್ತಿಚಿತ್ರಕಾರ ಡೇವಿಡ್ ಅಲ್ಫಾರೋ ಸಿಕೇರೋಸ್ 1930ರ ದಶಕದಲ್ಲೇ ಇದನ್ನು ಕಂಡುಕೊಂಡಿದ್ದ. 1936ರಲ್ಲಿ ಅವನು ನ್ಯೂಯಾರ್ಕಿನಲ್ಲಿ ನಡೆಸಿದ ಪ್ರಯೋಗ ಕಮ್ಮಟದಲ್ಲಿ ಮುಂದೆ ಹೆಸರಾದ ಅಮೆರಿಕದ ಚಿತ್ರಕಾರ, ಆಗಿನ್ನೂ ಯುವಕ, ಜಾಕ್ಸನ್ ಪೊಲಾಕ್ ಕೂಡ ಇದ್ದ. ಸಿಕೇರೋಸ್ ಇದನ್ನು ಆಕಸ್ಮಿಕ ಚಿತ್ರಣ ಎಂದು ಕರೆದ. ಮುಂದೆ 2015ರಲ್ಲಿ ಮೆಕ್ಸಿಕೋದ ಸಂಶೋಧಕರು ಬಿಳಿ, ಕಪ್ಪು ಬಣ್ಣಗಳನ್ನು ಒಂದರ ಮೇಲೊಂದು ಸುರಿದು ಅಳೆದು, ಇದಕ್ಕೆ ಕಾರಣ ಸಾಂದ್ರತೆಯ ವ್ಯತ್ಯಾಸ ಎಂದು ತೋರಿಸಿದರು. ಭೌತಶಾಸ್ತ್ರದಲ್ಲಿ ಇದು ರೇಲೀ-ಟೇಲರ್ ಅಸ್ಥಿರತೆ.

ಹಾಗಾಗಿ ನನ್ನ ಮೇಜಿನ ಮೇಲೆ ಕುಂಚಕ್ಕಿಂತ ಮೊದಲು ಬರುವುದು ಅಡುಗೆಮನೆಯ ಡಿಜಿಟಲ್ ತಕ್ಕಡಿ. ಬೆರೆಸಿಟ್ಟ ಪ್ರತಿ ಬಣ್ಣವನ್ನೂ 50 ಮಿ.ಲೀ. ಅಳೆದು ತೂಗಿ, ಲೋಟದ ಮೇಲೆ ತೂಕ ಬರೆಯಿರಿ. ಬಾಟಲಿಯಲ್ಲಿ ವರ್ಣ ಎಷ್ಟಿದೆ, ತೆಳ್ಳಗೆ ಮಾಡಲು ನೀವು ಬೆರೆಸಿದ ಮೀಡಿಯಂ ಎಷ್ಟು ಎಂಬುದರ ಮೇಲೆ ಅಂಕಿ ಬದಲಾಗುತ್ತದೆ, ಆದ್ದರಿಂದ ಪುಸ್ತಕದ ಸಾಂದ್ರತೆಯನ್ನಷ್ಟೇ ನಂಬಬೇಡಿ. ಕಣ್ಣುಗಳು ಬೇಕಿದ್ದರೆ ಕ್ಯಾನ್ವಾಸಿನ ಮೇಲೆ ಭಾರದ್ದು ಮೇಲೆ ಬರುವಂತೆ ಜೋಡಿಸಿ. ನೆಮ್ಮದಿಯ, ಉದ್ದನೆಯ ಪಟ್ಟೆಗಳು ಬೇಕಿದ್ದರೆ ಭಾರದ್ದು ಕೆಳಗಿರಲಿ. ಲೋಟ ಬೋರಲು ಹಾಕುವ ವಿಧಾನದಲ್ಲಿ ಈ ಕ್ರಮ ತಿರುಗುಮುರುಗಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ.

2. ಎಲ್ಲ ಬಣ್ಣಕ್ಕೂ ಒಂದೇ ಹದ

ಕಡ್ಡಿಯನ್ನು ಬಣ್ಣದಲ್ಲಿ ಅದ್ದಿ ಎತ್ತಿದರೆ ಧಾರೆ ಕಡಿಯದೆ ಇಳಿಯಬೇಕು, ಕೊಲ್ಹಾಪುರದ ಕಡೆಯಿಂದ ಇಲ್ಲಿಗೆ ಬರುವ ಕಾಕವಿಯ ಹಾಗೆ. ಬಿದ್ದಲ್ಲಿ ಸಣ್ಣ ದಿಬ್ಬ ಎದ್ದು ಒಂದೆರಡು ಸೆಕೆಂಡಿನಲ್ಲಿ ಕರಗಬೇಕು. ದಿಬ್ಬ ನಿಂತೇ ಇದ್ದರೆ ಗಟ್ಟಿ, ಏಳದೇ ಹೋದರೆ ನೀರು. ಐದು ಬಣ್ಣಗಳಲ್ಲಿ ಒಂದು ತೆಳ್ಳಗಾದರೂ ಅದು ಉಳಿದವನ್ನೆಲ್ಲ ನುಂಗಿ ಓಡುತ್ತದೆ.

ತೆಳ್ಳಗೆ ಮಾಡಲು ಬರೀ ನೀರು ಹಾಕುವುದು ಅಗ್ಗದ ದಾರಿ. ಆದರೆ ಆಕ್ರಿಲಿಕ್ ಎಂದರೆ ನೀರಿನಲ್ಲಿ ತೇಲುವ ಪ್ಲಾಸ್ಟಿಕ್ ಕಣಗಳು. ನೀರು ಆರುತ್ತಿದ್ದಂತೆ ಅವು ಒಂದಕ್ಕೊಂದು ಒತ್ತಿ ಬೆಸೆದು ಪೊರೆಯಾಗಬೇಕು. ನೀರು ಮೂರನೇ ಒಂದು ಪಾಲು ದಾಟಿತೆಂದರೆ ಆ ಬೆಸುಗೆ ಸಡಿಲವಾಗಿ, ಒಣಗಿದ ಬಣ್ಣ ಬೆರಳಿಗೆ ಪುಡಿಯಾಗಿ ಬರಬಹುದು. ಹೆಚ್ಚಿನ ತೆಳುವಿಗೆ ಸುರಿಯುವ ಮೀಡಿಯಂ ಹಾಕಿ. ಬಡಗಿಗಳು ಬಳಸುವ ಬಿಳಿ ಅಂಟಿಗೆ ನೀರು ಬೆರೆಸಿ ಮೀಡಿಯಂ ಮಾಡಿಕೊಳ್ಳುವ ರೂಢಿ ನಮ್ಮಲ್ಲಿದೆ. ಕೈ ಪಳಗಿಸಲು ಅಡ್ಡಿಯಿಲ್ಲ. ಆದರೆ ಆ ಅಂಟು ತೇವಕ್ಕೆ ಮೆತ್ತಗಾಗುವ ಜಾತಿಯದು. ಹಣ ಕೊಟ್ಟು ಕೊಳ್ಳುವವರ ಗೋಡೆಗೆ ಹೋಗುವ ಚಿತ್ರದಲ್ಲಿ ಅದು ಇರಬಾರದು ಎಂಬುದು ನನ್ನ ಕಟ್ಟುನಿಟ್ಟು.

ಬೆರೆಸಿದ ಬಣ್ಣವನ್ನು ತೆಳು ಬಟ್ಟೆಯಲ್ಲಿ ಸೋಸಿ, ಮುಚ್ಚಿ, ರಾತ್ರಿಯಿಡೀ ಬಿಡಿ. ಕಲಕುವಾಗ ಸೇರಿದ ಗಾಳಿಗುಳ್ಳೆಗಳು ಬೆಳಗಿನ ಹೊತ್ತಿಗೆ ಹೋಗಿರುತ್ತವೆ.

3. ರಸಮಟ್ಟ ಇಲ್ಲದೆ ಸುರಿಯಬೇಡಿ

ಹಳೆಯ ಪೇಠೆಯ ವಾಡೆಯಾಗಲಿ, ಹೊಸ ಫ್ಲ್ಯಾಟಾಗಲಿ, ನೆಲ ಸಮವಾಗಿರುವುದು ಅಪರೂಪ. ರಸಮಟ್ಟವನ್ನು ಹಲಗೆಯ ಮೇಲೆ ಉದ್ದಕ್ಕೂ ಅಡ್ಡಕ್ಕೂ ಇಟ್ಟು ನೋಡಿ. ತುಸುವೇ ಓರೆ ಇದ್ದರೂ ರಾತ್ರಿ ಮಲಗುವಾಗ ನೋಡಿದ ಚಿತ್ರ ಬೆಳಗ್ಗೆ ನೆಲದ ಮೇಲಿರುತ್ತದೆ. ಮೇಲೆ ರೆಸಿನ್ ಪದರ ಹೊರಬೇಕಾದ ಚಿತ್ರಕ್ಕೆ ಕ್ಯಾನ್ವಾಸ್ ಬೇಡ, ನಡುವೆ ಜೋತು ಬಿದ್ದು ಕೊಳವಾಗುತ್ತದೆ. ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿನಲ್ಲಿ ಹೇಳಿದ ಅಳತೆಗೆ ಪ್ಲೈ ಕತ್ತರಿಸಿ ಕೊಡುತ್ತಾರೆ. ಅದಕ್ಕೆ ಎರಡು ಕೈ ಪ್ರೈಮರ್ ಹೊಡೆದು ಬಾಯಿ ಮುಚ್ಚಿಸಿ, ಇಲ್ಲದಿದ್ದರೆ ಮರದೊಳಗಿನ ಗಾಳಿ ರೆಸಿನ್ನಿನಲ್ಲಿ ಗುಳ್ಳೆಯಾಗಿ ಏಳುತ್ತದೆ. ಒಂದು ಅಡಿ ಚೌಕಕ್ಕೆ ಆಕ್ರಿಲಿಕ್ ಬಣ್ಣ ಸುಮಾರು 250 ಮಿ.ಲೀ. ಬೇಕು, ಅಂಚಿನಿಂದ ಸುರಿದು ಹೋಗುವುದೂ ಸೇರಿ.

4. ಬಿಜಾಪುರದ ಕುದುರೆಯಿಂದ ಕಲಿಯಬೇಕಾದದ್ದು

ಬಣ್ಣವನ್ನು ಅದರ ಪಾಡಿಗೆ ಬಿಟ್ಟು ಚಿತ್ರ ಮಾಡುವುದು ಅಮೆರಿಕದಿಂದ ಬಂದ ಹೊಸ ಖಯಾಲಿ ಎಂದು ಅನೇಕರು ತಿಳಿದಿದ್ದಾರೆ. ಬಿಜಾಪುರದ, ಅಂದರೆ ಇಂದಿನ ವಿಜಯಪುರದ, ಇಬ್ರಾಹಿಂ ರೋಜಾ ನೋಡಿ ಬಂದವರಿಗೂ ಅದೇ ಊರಿನ ಅಬ್ರಿ ಚಿತ್ರಗಳ ವಿಷಯ ಗೊತ್ತಿರುವುದಿಲ್ಲ. ಹದಿನೇಳನೆಯ ಶತಮಾನದ ಮೊದಲ ಅರ್ಧದಲ್ಲಿ, ಆದಿಲ್‌ಶಾಹಿ ಬಿಜಾಪುರದಲ್ಲಿ, ಲೋಳೆಯಂಥ ನೀರಿನ ಮೇಲೆ ಬಣ್ಣ ತೇಲಿಸಿ, ಅದು ತಾನಾಗಿ ಹರಡಿ ಎಳೆಎಳೆಯಾದಾಗ ಕಾಗದ ಹಾಸಿ ಎತ್ತುತ್ತಿದ್ದರು. ಪರ್ಷಿಯನ್ ವಿಧಾನದಲ್ಲಿ ಆ ಲೋಳೆ ಮೆಂತ್ಯದ್ದು. ಹೀಗೆ ಮೂಡಿದ ಕಾಗದ ಬೇರೆ ಕಡೆ ಪುಸ್ತಕದ ಅಂಚಿಗೆ, ರಟ್ಟಿಗೆ ಹೋಗುತ್ತಿತ್ತು. ಬಿಜಾಪುರದವರು ಅದನ್ನೇ ಚಿತ್ರ ಮಾಡಿದರು. ಕೆಲವು ಭಾಗವನ್ನು ಅಂಟು ಬಳಿದೋ ಅಚ್ಚು ಇಟ್ಟೋ ಮರೆ ಮಾಡಿ, ಬಣ್ಣ ಆಕೃತಿಯ ಒಳಗೆ ಮಾತ್ರ ಅಥವಾ ಸುತ್ತ ಮಾತ್ರ ಹತ್ತುವಂತೆ ಮಾಡಿ, ಮೇಲೆ ಸಣ್ಣ ಕುಂಚದಿಂದ ಗೆರೆ ಎಳೆದರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಸುಮಾರು 1625ರದೆನ್ನುವ ಒಂದು ಚಿತ್ರವಿದೆ: ಎಲುಬು ಎದ್ದ ಬಡಕಲು ಕುದುರೆ, ಮೇಲೊಬ್ಬ ಸವಾರ. ಅದೇ ಮ್ಯೂಸಿಯಂ 2015ರಲ್ಲಿ ದಖನ್ನಿನ ಸುಲ್ತಾನರ ಕಲೆಯ ದೊಡ್ಡ ಪ್ರದರ್ಶನ ಮಾಡಿದಾಗ ಇಂಥ ಅಬ್ರಿ ಚಿತ್ರಗಳಿಗೂ ಜಾಗ ಸಿಕ್ಕಿತ್ತು.

ಆ ಕಲಾವಿದರು ಬಣ್ಣಕ್ಕೆ ಸ್ವಾತಂತ್ರ್ಯ ಕೊಟ್ಟರು, ಜೊತೆಗೆ ಅದು ಎಲ್ಲಿ ಇರಬಾರದು ಎಂಬುದನ್ನು ಮೊದಲೇ ತೀರ್ಮಾನಿಸಿದರು. ಹೊಸಬರ ಚಿತ್ರಗಳಲ್ಲಿ ನನಗೆ ಎದ್ದು ಕಾಣುವ ಕೊರತೆ ಅದೇ. ಹಲಗೆಯ ಮೂಲೆಮೂಲೆಗೂ ಬಣ್ಣ ತುಂಬಿಸುವ ಆತುರ. 1952ರಲ್ಲಿ ಅಮೆರಿಕದ ಚಿತ್ರಕಾರ್ತಿ ಹೆಲೆನ್ ಫ್ರಾಂಕೆನ್‌ಥಾಲರ್ ತೆಳು ಎಣ್ಣೆಬಣ್ಣವನ್ನು ಪ್ರೈಮರ್ ಹೊಡೆಯದ ಬರೀ ಕ್ಯಾನ್ವಾಸಿಗೆ ಸುರಿದು ಇಂಗಿಸಿದ ‘ಮೌಂಟನ್ಸ್ ಅಂಡ್ ಸೀ’ಯಲ್ಲಿ ಎಷ್ಟೋ ಜಾಗ ಖಾಲಿಯೇ ಇದೆ. ನೀವೂ ಮೊದಲು ಹಲಗೆಯ ಅರ್ಧಭಾಗಕ್ಕೆ ಒಂದೇ ಬಣ್ಣ ಹಾಸಿ, ಉಳಿದ ಅರ್ಧದಲ್ಲಿ ಮಾತ್ರ ಹರಿವು ಬಿಡಿ. ಬಣ್ಣಗಳು ಮೂರು, ಜೊತೆಗೊಂದು ಬಿಳಿ ಸಾಕು. ಕಿತ್ತಳೆ-ನೀಲಿ, ಕೆಂಪು-ಹಸಿರು ಇಂಥ ಎದುರಾಳಿಗಳು ಒಂದೇ ಲೋಟದಲ್ಲಿ ಕೂಡಿದರೆ ಉಳಿಯುವುದು ರಾಡಿ. ಅವೆರಡರ ನಡುವೆ ಬಿಳಿಯ ಪದರ ಇಟ್ಟು ಕಾಯಬೇಕು.

5. ಓರೆ ಮಾಡುವುದನ್ನು ನಿಲ್ಲಿಸಿ

ಸುರಿದ ಬಣ್ಣ ಹರಡಲೆಂದು ಹಲಗೆಯನ್ನು ಎತ್ತಿ ಓರೆ ಮಾಡುವಾಗ, ಇಷ್ಟವಾದ ಭಾಗ ಅಂಚಿನಿಂದ ಜಾರಿ ಹೋಗುವ ಮುನ್ನ ಹಲಗೆಯನ್ನು ಕೆಳಗಿಡಿ. ಮುಂದಿನ ಅರ್ಧಗಂಟೆ ಬಣ್ಣ ತಾನೇ ಚಲಿಸುತ್ತಿರುತ್ತದೆ. ಒಣಗಿದಾಗ ಬಣ್ಣ ಒಂದು ಛಾಯೆ ಗಾಢವಾಗುವುದೂ ಖಚಿತ. ಹಸಿಯಿದ್ದಾಗ ಹಾಲಿನಂತಿರುವ, ವರ್ಣವನ್ನು ಹಿಡಿದಿಡುವ ಬೈಂಡರ್ ಆರಿದ ಮೇಲೆ ಪಾರದರ್ಶಕವಾಗುವುದೇ ಅದಕ್ಕೆ ಕಾರಣ. ಹಸಿ ಚಿತ್ರ ಪೇಲವವಾಗಿ ಕಂಡಿತೆಂದು ಮತ್ತೆ ಸುರಿಯಬೇಡಿ.

6. ಆಕ್ರಿಲಿಕ್ಕಿಗೆ ಮಳೆಗಾಲ, ರೆಸಿನ್ನಿಗೆ ದಸರೆ ನಂತರ

ಪುಣೆಯಲ್ಲಿ ಈ ಕೆಲಸ ಮಾಡುವವರು ಇದೊಂದನ್ನು ಹಿಡಿದರೂ ಸಾಕು. ಎರಡು ವಸ್ತುಗಳ ಸ್ವಭಾವ ಪೂರ್ತಿ ವಿರುದ್ಧ. ಆಕ್ರಿಲಿಕ್ ಒಣಗುವುದು ನೀರು ಆರಿ. ರೆಸಿನ್ ಒಣಗುವುದೇ ಇಲ್ಲ, ರೆಸಿನ್ ಮತ್ತು ಹಾರ್ಡ್‌ನರ್ ಎಂಬ ಎರಡು ದ್ರವಗಳು ರಾಸಾಯನಿಕವಾಗಿ ಕೂಡಿ ಗಟ್ಟಿಯಾಗುತ್ತವೆ. ಮೊದಲನೆಯದಕ್ಕೆ ನಿಧಾನ ಬೇಕು, ಎರಡನೆಯದಕ್ಕೆ ಒಣ ಹವೆ.

ಘಟ್ಟದ ಮರೆಯಲ್ಲಿ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ಏಪ್ರಿಲ್ ಮಧ್ಯಾಹ್ನದ ಗಾಳಿ ಕಾದಿರುತ್ತದೆ, ತೇವವೇ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಸುರಿದ ಆಕ್ರಿಲಿಕ್ಕಿನ ಮೇಲ್ಮೈ ಬೇಗ ಪೊರೆ ಕಟ್ಟುತ್ತದೆ, ಕೆಳಗಿನದು ಹಸಿಯಾಗಿಯೇ ಇರುತ್ತದೆ. ಒಳಗಿನದು ಆರುತ್ತ ಕುಗ್ಗಿದಾಗ ಮೇಲಿನ ಪೊರೆ ಕೆರೆಯ ಒಣ ತಳದಂತೆ ಬಿರಿಯುತ್ತದೆ. ಫ್ಯಾನ್ ಹಾಕಿದರೆ ಇನ್ನೂ ಕೆಡುಕು. ಜುಲೈ, ಆಗಸ್ಟಿನಲ್ಲಿ ದಿನಗಟ್ಟಲೆ ಜಿನುಗು ಮಳೆ ಹಿಡಿದು ಬಟ್ಟೆಯೂ ಒಣಗದಿರುವಾಗ ಆಕ್ರಿಲಿಕ್ ಸಾವಕಾಶವಾಗಿ, ಒಳಗೂ ಹೊರಗೂ ಒಂದೇ ಸಮ ಆರುತ್ತದೆ. ಬಿರುಕೇ ಇಲ್ಲದ ದಪ್ಪ ಪದರಗಳು ನನಗೆ ದಕ್ಕಿದ್ದು ಆ ತಿಂಗಳುಗಳಲ್ಲೇ.

ಅದೇ ಹವೆ ರೆಸಿನ್ನಿಗೆ ಶತ್ರು. ಹಾರ್ಡ್‌ನರಿನಲ್ಲಿರುವ ಅಮೈನ್ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡಿನೊಡನೆ ಕೂಡಿ ಮೇಲೆ ಮೇಣದಂಥ ಜಿಡ್ಡು ಕಟ್ಟುತ್ತದೆ, ಗಾಜಿನಂತಿರಬೇಕಾದದ್ದು ಮಂಕಾಗುತ್ತದೆ. ಇದಕ್ಕೆ ಅಮೈನ್ ಬ್ಲಶ್ ಎನ್ನುತ್ತಾರೆ. ಬಂದದ್ದೇ ಆದರೆ ಉಗುರುಬೆಚ್ಚನೆ ನೀರು, ಸೋಪಿನಲ್ಲಿ ತೊಳೆಯಿರಿ, ಅದು ನೀರಿಗೆ ಕರಗುತ್ತದೆ. ತೊಳೆಯದೆ ಉಜ್ಜಿದರೆ ಜಿಡ್ಡು ಒಳಗೇ ಮೆತ್ತಿಕೊಂಡು ಮುಂದಿನ ಪದರ ಹಿಡಿಯುವುದಿಲ್ಲ. ಗೋಡೆಗೊಂದು ತೇವಮಾಪಕ ತೂಗುಹಾಕಿ, 60 ಶೇಕಡಾ ದಾಟಿದ ದಿನ ರೆಸಿನ್ ಬಾಟಲಿ ಮುಟ್ಟಬೇಡಿ.

ಡಿಸೆಂಬರ್, ಜನವರಿಯ ಚಳಿಗೆ ಬೇರೆ ಉಪಾಯ. ಸವಾಯಿ ಗಂಧರ್ವ ಸಂಗೀತೋತ್ಸವಕ್ಕೆ ಶಾಲು ಹೊದ್ದು ಹೋಗುವ ಆ ರಾತ್ರಿಗಳಲ್ಲಿ ರೆಸಿನ್ ದಪ್ಪವಾಗಿ, ಬೆರೆಸಿದಾಗ ಸಾಸಿವೆಗಿಂತ ಸಣ್ಣ ಗುಳ್ಳೆಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಾಟಲಿಗಳನ್ನು ಮುಚ್ಚಳ ಬಿಗಿದು ಬಿಸಿನೀರಿನ ಪಾತ್ರೆಯಲ್ಲಿ ಹತ್ತು ನಿಮಿಷ ಇಟ್ಟು, ಚೆನ್ನಾಗಿ ಒರೆಸಿ ಬಳಸಿ. ಬೇಸಿಗೆಯಲ್ಲಿ ಸಮಯವೇ ಸಾಲದು. ಪ್ರತಿ 10 ಡಿಗ್ರಿಗೆ ಕ್ರಿಯೆ ಹೆಚ್ಚುಕಡಿಮೆ ಇಮ್ಮಡಿ ವೇಗವಾಗುತ್ತದೆ, 25 ಡಿಗ್ರಿಯಲ್ಲಿ ನಲವತ್ತು ನಿಮಿಷ ಕೈಗೆ ಸಿಗುವ ರೆಸಿನ್ 35ರಲ್ಲಿ ಇಪ್ಪತ್ತಕ್ಕೇ ಗಟ್ಟಿಯಾಗಲು ತೊಡಗುತ್ತದೆ. ಲೋಟದಲ್ಲಿ ರಾಶಿಯಾಗಿ ಬಿಟ್ಟರೆ ತನ್ನ ಬಿಸಿಗೆ ತಾನೇ ಕುದಿದು ಹೊಗೆಯಾಡುವುದೂ ಉಂಟು. ಬೆರೆಸಿದ ಕೂಡಲೇ ಹಲಗೆಯ ಮೇಲೆ ಹರಡಿಬಿಡಿ.

ಹೀಗಾಗಿ ನನ್ನ ವರ್ಷದ ಲೆಕ್ಕ ಸರಳ. ಮಳೆಗಾಲವಿಡೀ ಆಕ್ರಿಲಿಕ್, ದಸರೆ ಕಳೆದು ಮಳೆ ಪೂರ್ತಿ ಹಿಂದೆ ಸರಿದ ಮೇಲೆ ರೆಸಿನ್. ನಡುವಿನ ವಾರಗಳು ದಂಡವಲ್ಲ. ಆಕ್ರಿಲಿಕ್ ಕೈಗೆ ಒಣಗಿದಂತೆ ಕಂಡರೂ ಒಳಗಿನ ನೀರು ಹೋಗಲು ಎರಡರಿಂದ ನಾಲ್ಕು ವಾರ, ಮಳೆಗಾಲದಲ್ಲಿ ಇನ್ನೂ ಹೆಚ್ಚು ಬೇಕು. ಆ ನೀರನ್ನು ರೆಸಿನ್ನಿನ ಕೆಳಗೆ ಸೆರೆಹಿಡಿದರೆ ಬಿಳಿಯ ಮಬ್ಬು ಶಾಶ್ವತ.

7. ಸಿಲಿಕೋನ್ ಹಾಕಿದವರು ತೊಳೆಯಲೂ ಬೇಕು

ಎಣ್ಣೆ ಉಳಿದ ಜಾಗದಿಂದ ರೆಸಿನ್ ಹಿಂದೆ ಸರಿದು ಮೀನಿನ ಕಣ್ಣಿನಂಥ ಕುಳಿ ಬಿಡುತ್ತದೆ. ಆಕ್ರಿಲಿಕ್ ಪೂರ್ತಿ ಆರಿದ ಮೇಲೆ ಮೆಕ್ಕೆಜೋಳದ ಪಿಷ್ಟ (ಕಾರ್ನ್‌ಫ್ಲೋರ್) ಉದುರಿಸಿ ಎಣ್ಣೆ ಹೀರಿಸಿ, ಪಾತ್ರೆ ತೊಳೆಯುವ ಸೋಪಿನ ನೀರಿನಿಂದ ಮೆತ್ತಗೆ ಒರೆಸಿ, ಮತ್ತೆ ಬರೀ ನೀರಿನಿಂದ ಒರೆಸಿ ಒಣಗಿಸಿ. ನಾನಂತೂ ತೂಕದ ಲೆಕ್ಕ ಕೈಗೆ ಹತ್ತಿದ ಮೇಲೆ ಸಿಲಿಕೋನ್ ಬಿಟ್ಟಿದ್ದೇನೆ.

8. ರೆಸಿನ್ನಿನಲ್ಲಿ ಅಂದಾಜು ನಡೆಯುವುದಿಲ್ಲ

ಹಾರ್ಡ್‌ನರ್ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಎಂಬ ತಿಳಿವಳಿಕೆಯನ್ನು ಮೊದಲು ಬಿಡಬೇಕು. ರೆಸಿನ್ನಿನ ಎಪಾಕ್ಸಿ, ಹಾರ್ಡ್‌ನರಿನ ಅಮೈನ್ ಗೊತ್ತಾದ ಪ್ರಮಾಣದಲ್ಲೇ ಜೊತೆಯಾಗಬೇಕು. ಹೆಚ್ಚಾದದ್ದು ಒಂಟಿಯಾಗಿ ಉಳಿದು ಚಿತ್ರ ವರ್ಷಗಟ್ಟಲೆ ಅಂಟುಅಂಟಾಗಿರುತ್ತದೆ. ಬಾಟಲಿಯ ಮೇಲೆ 2:1 ಎಂದಿದ್ದರೆ ಅದು ತೂಕವೋ ಅಳತೆಯೋ ಓದಿ. ಎರಡೂ ಒಂದೇ ಅಲ್ಲ, ಏಕೆಂದರೆ ರೆಸಿನ್ ಹಾರ್ಡ್‌ನರಿಗಿಂತ ಭಾರ. ಒಂದು ಅಡಿ ಚೌಕಕ್ಕೆ 3 ಮಿ.ಮೀ. ದಪ್ಪದ ಪದರಕ್ಕೆ ಸುಮಾರು 280 ಮಿ.ಲೀ. ಬೇಕು, ಅಂದರೆ 300 ಗ್ರಾಂ. ತೂಕದ 2:1 ಇದ್ದರೆ 200 ಗ್ರಾಂ ರೆಸಿನ್, 100 ಗ್ರಾಂ ಹಾರ್ಡ್‌ನರ್. ಚಪ್ಪಟೆ ಕಡ್ಡಿಯಿಂದ ಲೋಟದ ಗೋಡೆ, ತಳ ಕೆರೆದು ಕೆರೆದು ನಾಲ್ಕೈದು ನಿಮಿಷ ನಿಧಾನವಾಗಿ ಕಲಕಿ, ಆಮೇಲೆ ಬೇರೆ ಲೋಟಕ್ಕೆ ಸುರಿದು ಮತ್ತೊಂದು ನಿಮಿಷ ಕಲಕಿ. ಮೊದಲ ಲೋಟದ ಗೋಡೆಗೆ ಅಂಟಿದ ಬೆರೆಯದ ರೆಸಿನ್ ಚಿತ್ರಕ್ಕೆ ಬೀಳದಿರಲಿ ಎಂದು ಈ ಎರಡನೆಯ ಲೋಟ.

ಭೋಸರಿ, ಚಿಂಚವಾಡದ ಕಾರ್ಖಾನೆಗಳ ಸುತ್ತ ಡ್ರಮ್ಮಿನಲ್ಲಿ ಅಗ್ಗದ ರೆಸಿನ್ ಸಿಗುತ್ತದೆ. ಫೈಬರ್‌ಗ್ಲಾಸಿನ ಪಾಲಿಯೆಸ್ಟರ್ ರೆಸಿನ್ ಬೇರೆಯೇ ವಸ್ತು, ಸ್ಟೈರೀನ್ ವಾಸನೆಯಿಂದಲೇ ಗೊತ್ತಾಗುತ್ತದೆ. ಅದನ್ನು ವಾಸದ ಮನೆಯೊಳಗೆ ತರಬೇಡಿ. ಆಕ್ರಿಲಿಕ್ ಬಣ್ಣವನ್ನು ರೆಸಿನ್ನಿಗೆ ಬೆರೆಸುವವರು ತೂಕದಲ್ಲಿ ಶೇಕಡಾ 5ರ ಒಳಗಿರಬೇಕು, ಹೆಚ್ಚಾದರೆ ಅದರಲ್ಲಿರುವ ನೀರು ರೆಸಿನ್ ಗಟ್ಟಿಯಾಗಲು ಬಿಡುವುದಿಲ್ಲ. ರೆಸಿನ್ನಿಗೆಂದೇ ಮಾಡಿದ ಪಿಗ್ಮೆಂಟ್ ಪೇಸ್ಟ್, ಮೈಕಾ ಪುಡಿ ಎಷ್ಟೋ ಮೇಲು. ಸುರಿದ ಮೇಲೆ ಟಾರ್ಚಿನ ಜ್ವಾಲೆ ಒಂದು ಗೇಣು ಎತ್ತರದಲ್ಲಿ, ನಿಲ್ಲದೆ ಸಾಗಬೇಕು. ಗುಳ್ಳೆ ಒಡೆದ ತಕ್ಷಣ ಆರಿಸಿ, ಒಳಗೆ ಒರೆಸಿದ ರಟ್ಟಿನ ಪೆಟ್ಟಿಗೆ ಮುಚ್ಚಿ, ಇಪ್ಪತ್ತನಾಲ್ಕು ಗಂಟೆ ಇಣುಕಬೇಡಿ.

9. ಚರ್ಮ ಮತ್ತು ಉಸಿರು

ವಾಸನೆ ಇಲ್ಲ ಎಂದರೆ ಅಪಾಯ ಇಲ್ಲ ಎಂದಲ್ಲ. ಗಟ್ಟಿಯಾಗದ ಎಪಾಕ್ಸಿ ಚರ್ಮಕ್ಕೆ ಮತ್ತೆ ಮತ್ತೆ ತಾಗಿದರೆ ಅಲರ್ಜಿ ಹುಟ್ಟುತ್ತದೆ, ಒಮ್ಮೆ ಹುಟ್ಟಿದರೆ ಸಾಮಾನ್ಯವಾಗಿ ಜೀವನಪೂರ್ತಿ ಬಿಡುವುದಿಲ್ಲ. ಆಮೇಲೆ ಒಂದು ಹನಿಗೂ ಕೈ ಮುಖ ಊದಿ, ಈ ಕೆಲಸವನ್ನೇ ಬಿಡಬೇಕಾಗುತ್ತದೆ. ಲ್ಯಾಟೆಕ್ಸ್ ಅಲ್ಲ, ನೈಟ್ರೈಲ್ ಕೈಗವಸು ಹಾಕಿ, ತುಂಬು ತೋಳಿನ ಅಂಗಿ ತೊಡಿ. ಚರ್ಮಕ್ಕೆ ತಾಗಿದರೆ ಸೋಪು ನೀರು ಮಾತ್ರ. ಅಸಿಟೋನ್, ಸ್ಪಿರಿಟ್ ಹಾಕಿದರೆ ಅದು ರೆಸಿನ್ನನ್ನು ಕರಗಿಸಿ ಚರ್ಮದೊಳಕ್ಕೇ ಒಯ್ಯುತ್ತದೆ. ಕೋವಿಡ್ ಕಾಲದ ಎನ್-95 ಮುಖಗವಸು ಧೂಳು ತಡೆಯುತ್ತದೆ, ಆವಿ ತಡೆಯುವುದಿಲ್ಲ. ಆವಿಗೆ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಬೇಕು. ಮಕ್ಕಳಿಗೆ ರೆಸಿನ್ ಕಲಿಸಿ ಎಂದು ಕೇಳುವ ತಂದೆತಾಯಂದಿರಿಗೆ ನಾನು ಇಲ್ಲ ಎನ್ನುತ್ತೇನೆ. ಆಕ್ರಿಲಿಕ್ ಸುರಿಯಲಿ, ಖುಷಿಯಾಗಿ ಕಲಿಸುತ್ತೇನೆ.

10. ಎಲ್ಲ ಚಿತ್ರಕ್ಕೂ ರೆಸಿನ್ ಬೇಡ

ರೆಸಿನ್ ಹೊಳಪು ಕೊಡುತ್ತದೆ, ಆಳ ಕೊಡುತ್ತದೆ, ಜೊತೆಗೆ ಕನ್ನಡಿಯನ್ನೂ ಕೊಡುತ್ತದೆ. ಪುಣೆಯ ಬಾಲಗಂಧರ್ವ ರಂಗಮಂದಿರದ ಕಲಾದಾಲನ ಗ್ಯಾಲರಿಯಂಥ ಕಡೆ ದೀಪಗಳ ಕೆಳಗೆ ತೂಗಿದಾಗ ನೋಡುವವರಿಗೆ ಚಿತ್ರಕ್ಕಿಂತ ಮೊದಲು ಟ್ಯೂಬ್‌ಲೈಟ್ ಕಾಣುತ್ತದೆ. ಕಿಟಕಿಯ ಬಿಸಿಲಿಗೆ ಎಪಾಕ್ಸಿ ಕಾಲಕ್ರಮೇಣ ಹಳದಿಗೆ ತಿರುಗುತ್ತದೆ. ಯುವಿ ತಡೆಯುವ ಅಂಶ ಬೆರೆಸಿದ ಬಾಟಲಿಯೂ ಅದನ್ನು ಮುಂದೂಡುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಬಿಳಿ ಹೆಚ್ಚಿರುವ ಚಿತ್ರಕ್ಕೆ ಇದು ಬಹಳ ಎದ್ದು ಕಾಣುತ್ತದೆ. ತೀರ್ಮಾನಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಪೂರ್ತಿ ಒಣಗಿದ ಚಿತ್ರದ ಮೇಲೆ ಒದ್ದೆ ಬಟ್ಟೆ ಎಳೆಯಿರಿ. ಆ ಕ್ಷಣ ಬಣ್ಣಗಳು ಹೇಗೆ ಏಳುತ್ತವೋ ರೆಸಿನ್ ಹಾಕಿದಾಗ ಹಾಗೆಯೇ ಕಾಣುತ್ತವೆ. ಒದ್ದೆಯಲ್ಲಿ ಹೊಸದೇನೂ ಕಾಣದಿದ್ದರೆ ಮ್ಯಾಟ್ ವಾರ್ನಿಶ್ ಎರಡು ಕೈ ಹೊಡೆದು ಬಿಡಿ. ಸೊರಗಿದ ಚಿತ್ರವನ್ನು ಹೊಳಪು ಎತ್ತಿ ನಿಲ್ಲಿಸಿದ್ದನ್ನು ನಾನು ಕಂಡಿಲ್ಲ. ಅಂಥದ್ದರ ಮೇಲೆ ಪ್ರೈಮರ್ ಹೊಡೆದು ಹಲಗೆಯನ್ನು ಮತ್ತೆ ಬಳಸುವುದೇ ಸರಿ.

11. ಸಿಂಕಿಗೆ ಏನೂ ಹೋಗಬಾರದು

ನಮ್ಮ ಮುಳಾ-ಮುಠಾ ನದಿ ಹೊರುತ್ತಿರುವ ಕೊಳೆ ಈಗಾಗಲೇ ಸಾಕಷ್ಟಿದೆ. ಲೋಟ, ಕಡ್ಡಿ ತೊಳೆದ ಬಣ್ಣದ ನೀರೆಂದರೆ ಸಣ್ಣ ಪ್ಲಾಸ್ಟಿಕ್ ಕಣಗಳ ನೀರು. ನಾನು ಅದನ್ನೆಲ್ಲ ಒಂದು ಬಕೆಟ್ಟಿನಲ್ಲಿ ಕೂಡಿಡುತ್ತೇನೆ. ಊರಿನಲ್ಲಿ ಕೆನ್ನೀರು ತಿಳಿಯಾಗಿಸಲು ಪಟಿಕ ಆಡಿಸುತ್ತಿದ್ದರಲ್ಲ, ಅದೇ ಇಲ್ಲಿಯೂ ಕೆಲಸಕ್ಕೆ ಬರುತ್ತದೆ. ಪುಣೆಯ ಕಿರಾಣಿ ಅಂಗಡಿಯಲ್ಲಿ ತುರಟಿ ಎಂದರೆ ಕೊಡುತ್ತಾರೆ. ಪುಡಿ ಮಾಡಿ ಒಂದೆರಡು ಚಮಚ ಹಾಕಿ ಕಲಕಿ, ಆಮೇಲೆ ತುಸು ಎಲೆಯಡಿಕೆಯ ಸುಣ್ಣ ಹಾಕಿ ಮತ್ತೆ ಕಲಕಿದರೆ ಬಣ್ಣವೆಲ್ಲ ಹಿಂಜಿದ ಹತ್ತಿಯಂತೆ ಗಂಟುಗಟ್ಟಿ ತಳಕ್ಕಿಳಿಯುತ್ತದೆ. ಮಾರನೆಯ ದಿನ ಮೇಲಿನ ತಿಳಿನೀರನ್ನು ಹಳೆ ಬಟ್ಟೆಯಲ್ಲಿ ಸೋಸಿ ಚೆಲ್ಲಿ, ಕೆಳಗಿನ ಕೆಸರನ್ನು ಬಿಸಿಲಿಗೆ ಒಣಗಿಸಿ ಒಣಕಸಕ್ಕೆ ಹಾಕಿ. ಉಳಿದ ರೆಸಿನ್ನನ್ನು ಹಸಿಯಾಗಿ ಎಸೆಯದೆ, ತೆಳುವಾಗಿ ಹರಡಿ ಗಟ್ಟಿಯಾಗಲು ಬಿಟ್ಟು ಆಮೇಲೆ ಎಸೆಯಬೇಕು.

ಅಂಚಿನಿಂದ ಸುರಿದ ಆಕ್ರಿಲಿಕ್ಕನ್ನು ಮಾತ್ರ ಕಸವೆಂದು ತಿಳಿಯಬೇಡಿ. ಹಲಗೆಯ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದ್ದರೆ, ಅದು ಒಣಗಿ ರಬ್ಬರಿನಂಥ ಹಾಳೆಯಾಗಿ ಒಂದೇ ತುಂಡಿನಲ್ಲಿ ಸುಲಿದು ಬರುತ್ತದೆ. ನನ್ನ ವಿದ್ಯಾರ್ಥಿಗಳು ಅವನ್ನು ಬಣ್ಣದ ಪ್ರಕಾರ ವಿಂಗಡಿಸಿ, ಬೆಣ್ಣೆಕಾಗದದ ನಡುವೆ ಇಟ್ಟು, ಕತ್ತರಿಸಿ ಕೊಲಾಜಿಗೆ ಬಳಸುತ್ತಾರೆ. ಈ ಮಳೆಗಾಲದಲ್ಲಿ ಮುಂದಿನ ತರಗತಿ ಅದರದ್ದೇ.